ಕವಚ, ಆಯುಧ ಮತ್ತು ಎಚ್ಚರಿಕೆ

"ಉಸ್ತಾದರೇ, ಗುಂಡು ತಡೆಯುವ ಅಂಗಿ ತೊಟ್ಟುಕೊಂಡು ಮಸೀದಿಗೆ ಹೋಗುವುದು ಅಲ್ಲಾಹನ ಮೇಲಿನ ಭರವಸೆಗೆ ಕುಂದಲ್ಲವೇ?"

ಈ ಪ್ರಶ್ನೆ ಕೇಳಿದವರು ಒಬ್ಬ ತಾಯಿ. ಅವರ ಮಗ ನನ್ನಲ್ಲಿ ಓದಿದವನು. ಈಗ ಅಮೇರಿಕದಲ್ಲಿ ಇಂಜಿನಿಯರ್. ಅಲ್ಲಿನ ಮಸೀದಿಯ ಕಮಿಟಿಯವರು ಜುಮುಅದ ಹೊತ್ತಿನಲ್ಲಿ ಬಾಗಿಲ ಬಳಿ ಸರದಿಯಂತೆ ಕಾವಲು ನಿಲ್ಲಲು ಕೆಲವು ಯುವಕರನ್ನು ಕೇಳಿಕೊಂಡಿದ್ದಾರೆ. ಯಾವ ಬುಲೆಟ್ ಪ್ರೂಫ್ ಜಾಕೆಟ್ ಕೊಳ್ಳಬೇಕು, ಜೊತೆಗೆ ಒಂದು ಪಿಸ್ತೂಲೂ ಬೇಕೇ ಎಂದು ಗೆಳೆಯರ ನಡುವೆ ಚರ್ಚೆ ನಡೆದಿದೆ. ತಾಯಿಗೆ ಮಾತ್ರ ನಿದ್ದೆಯಿಲ್ಲ. ನಿಮ್ಮಲ್ಲೂ ಎಷ್ಟೋ ಮಂದಿಯ ಮಕ್ಕಳು, ಅಳಿಯಂದಿರು ಆ ದೇಶಗಳಲ್ಲಿದ್ದಾರೆ. ಆದುದರಿಂದ ಅವರಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಭಯಕ್ಕೆ ಕಾರಣವೇ ಇಲ್ಲವೆಂದು ಹೇಳುವಂತಿಲ್ಲ. 2017ರ ಜನವರಿ 29ರ ರಾತ್ರಿ ಕೆನಡಾದ ಕ್ವೆಬೆಕ್ ನಗರದ ಮಸೀದಿಯಲ್ಲಿ ಆರು ಮಂದಿ ಗುಂಡಿಗೆ ಬಲಿಯಾದರು. 2019ರ ಮಾರ್ಚ್ 15, ಶುಕ್ರವಾರ, ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಒಬ್ಬನೇ ಹಂತಕ 51 ಮಂದಿಯನ್ನು ಕೊಂದನು. ಅವರಲ್ಲಿ ಮೂರು ವರ್ಷದ ಮಗುವೂ ಇತ್ತು. ಅಲ್ ನೂರ್ ಮಸೀದಿಯ ಬಾಗಿಲಲ್ಲಿ ಆ ಹಂತಕನನ್ನು ಎದುರುಗೊಂಡವರು 'ಸಹೋದರ' ಎಂದು ಕರೆದೇ ಸ್ವಾಗತಿಸಿದ್ದರು. ಇಂತಹ ಸುದ್ದಿ ಕೇಳಿದ ತಾಯಿಗೆ 'ಹೆದರಬೇಡಿ' ಎಂದಷ್ಟೇ ಹೇಳಿ ಕಳುಹಿಸುವುದು ಉತ್ತರವಾಗುವುದಿಲ್ಲ.

ಮೊದಲು ಭರವಸೆಯ ವಿಚಾರ. ತವಕ್ಕುಲ್ ಎಂದೊಡನೆ ನಾವೆಲ್ಲ ಒಂಟೆಯನ್ನು ಕಟ್ಟುವ ಹದೀಸನ್ನು ನೆನೆಯುತ್ತೇವೆ. ಅದು ಎಲ್ಲರಿಗೂ ಬಾಯಿಪಾಠ. ನಾನು ಉಹುದನ್ನು ನೆನಪಿಸುತ್ತೇನೆ. ಆ ದಿನ ಪ್ರವಾದಿ(ಸ) ಒಂದಲ್ಲ, ಎರಡು ಕವಚಗಳನ್ನು ಒಂದರ ಮೇಲೊಂದು ಧರಿಸಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಅವರಿಗಿಂತ ಮಿಗಿಲಾದ ಭರವಸೆ ಯಾರಿಗಿದೆ? ಮದೀನಕ್ಕೆ ಬಂದ ಹೊಸತರಲ್ಲಿ ಒಂದು ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಒಬ್ಬ ಸಜ್ಜನ ಇಂದು ಕಾವಲಿಗಿದ್ದರೆ ಒಳ್ಳೆಯದಿತ್ತು ಎಂದುಕೊಂಡರು. ಅಷ್ಟರಲ್ಲಿ ಆಯುಧದ ಸದ್ದಾಯಿತು. ಬಂದವರು ಸಅದ್ ಬಿನ್ ಅಬೀ ವಕ್ಕಾಸ್(ರ). ಅವರು ಕಾವಲು ನಿಂತ ಮೇಲೆ ಪ್ರವಾದಿವರ್ಯರು(ಸ) ನಿದ್ರಿಸಿದರು. ಈ ಘಟನೆಯನ್ನು ತಿಳಿಸಿದವರು ಆಯಿಶಾ(ರ). ಕಾವಲು ಕಂಡು ನೆಮ್ಮದಿ ಪಡುವುದು ವಿಶ್ವಾಸದ ದೌರ್ಬಲ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ.

ಆದರೆ ಉಹುದಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಎರಡು ಕವಚ ತೊಟ್ಟಿದ್ದರೂ ಪ್ರವಾದಿ(ಸ) ಗಾಯಗೊಂಡರು. ಶಿರಸ್ತ್ರಾಣದ ಎರಡು ಕೊಂಡಿಗಳೇ ಕೆನ್ನೆಯೊಳಗೆ ನಾಟಿದವು. ಅಬೂ ಉಬೈದಾ(ರ) ಅವುಗಳನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆಯುವಾಗ ತಮ್ಮ ಎರಡು ಹಲ್ಲುಗಳನ್ನೇ ಕಳೆದುಕೊಂಡರು. ಕಾಯಬೇಕಾದ ಕಬ್ಬಿಣವೇ ಚುಚ್ಚಿತು. ಕವಚ ಧರಿಸುವುದು ಸುನ್ನತ್ತಿಗೆ ವಿರುದ್ಧವಲ್ಲ, ಆದರೆ ಕವಚದ ಮೇಲೆ ಭರವಸೆಯಿಟ್ಟು ಕುಳಿತವನು ಮೋಸ ಹೋಗುತ್ತಾನೆ.

ಕವಚವನ್ನು ಹೆಣೆಯುವ ವಿದ್ಯೆಯನ್ನು ಅಲ್ಲಾಹನು ದಾವೂದ್(ಅ)ರಿಗೆ ಕಲಿಸಿದನೆಂದು ಪವಿತ್ರ ಕುರ್‌ಆನಿನಲ್ಲಿದೆ. ಸೂರಃ ಸಬಅ್‌ನಲ್ಲಿ ಅವರಿಗೆ ಕೊಟ್ಟ ಆದೇಶವನ್ನು ಗಮನಿಸಿ: ಮೈತುಂಬ ಕವಚ ಮಾಡಬೇಕು, ಕೊಂಡಿಗಳನ್ನು ಅಳತೆಗೆ ತಕ್ಕಂತೆ ಜೋಡಿಸಬೇಕು. ಮೊಳೆ ತೆಳುವಾದರೆ ಕೊಂಡಿ ಸಡಿಲವಾಗುತ್ತದೆ, ದಪ್ಪವಾದರೆ ಕೊಂಡಿಯೇ ಸೀಳಿಹೋಗುತ್ತದೆ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಕಮ್ಮಾರನ ಕೆಲಸದ ಈ ಸಣ್ಣ ವಿವರ ದೇವವಾಣಿಯಲ್ಲಿ ಏಕೆ ಬಂತೆಂದು ಮದ್ರಸದಲ್ಲಿದ್ದಾಗ ನಾನು ಯೋಚಿಸುತ್ತಿದ್ದೆ. ರಕ್ಷಣೆಗೂ ಒಂದು ಅಳತೆಯಿದೆ ಎಂಬುದೇ ಅದರ ಅರ್ಥವೆಂದು ನನಗೀಗ ತೋರುತ್ತದೆ.

ಇಂದಿನ ಕವಚಕ್ಕೂ ಅಳತೆಯಿದೆ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ಮಹಿಳಾ ವಿಜ್ಞಾನಿ, ಮೋಟಾರು ಟಯರುಗಳಿಗೆ ಹಗುರವಾದ ನಾರನ್ನು ಹುಡುಕುತ್ತಿದ್ದಾಗ ಕಂಡುಕೊಂಡ ವಸ್ತುವಿನಿಂದ ಕೆವ್ಲಾರ್ ಹುಟ್ಟಿತು. ಅಂತಹ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹೊಲಿದು ಮಾಡುವ ಮೃದು ಜಾಕೆಟ್ ಪಿಸ್ತೂಲಿನ ಗುಂಡನ್ನು ತಡೆಯುತ್ತದೆ. ಅಂಗಿಯ ಒಳಗೆ ತೊಡಬಹುದು, ರುಕೂಅ್, ಸುಜೂದಿಗೂ ಅಡ್ಡಿಯಾಗದು. ಆದರೆ ರೈಫಲಿನ ಗುಂಡು ಅದನ್ನು ತೂರಿಕೊಂಡು ಹೋಗುತ್ತದೆ. ಕ್ರೈಸ್ಟ್‌ಚರ್ಚ್‌ನ ಹಂತಕನ ಕೈಯಲ್ಲಿ ರೈಫಲುಗಳಿದ್ದವು! ರೈಫಲಿನ ಗುಂಡಿಗೆ ಎದೆಗೂ ಬೆನ್ನಿಗೂ ಗಟ್ಟಿ ಫಲಕಗಳು ಬೇಕು. ಒಂದೊಂದೂ ಎರಡು ಮೂರು ಕಿಲೋ ತೂಗುವ ಆ ಫಲಕಗಳು ಹೃದಯ, ಶ್ವಾಸಕೋಶಗಳನ್ನಷ್ಟೇ ಮುಚ್ಚುತ್ತವೆ. ಕುತ್ತಿಗೆ, ಭುಜ, ಹೊಟ್ಟೆಯ ಕೆಳಭಾಗ ತೆರೆದೇ ಇರುತ್ತವೆ. ಅಮೇರಿಕದ ನ್ಯಾಯ ಇಲಾಖೆಯ ಸಂಸ್ಥೆಯೊಂದು ಈ ಅಂಗಿಗಳನ್ನು ಪರೀಕ್ಷಿಸಿ ದರ್ಜೆ ಗೊತ್ತುಮಾಡುತ್ತದೆ. 2023ರಲ್ಲಿ ಪ್ರಕಟಿಸಿದ ಹೊಸ ಕ್ರಮದಲ್ಲಿ ಪಿಸ್ತೂಲಿಗೆ ಎರಡು, ರೈಫಲಿಗೆ ಮೂರು ದರ್ಜೆಗಳಿವೆ. ನಮ್ಮ ದೇಶದ ಮಾನಕ ಬ್ಯೂರೋ ಕೂಡ 2018ರಲ್ಲಿ ಇಂತಹ ಜಾಕೆಟುಗಳಿಗೆ ಮಾನದಂಡ ನಿಗದಿಪಡಿಸಿತು. ಗುಂಡು ತಡೆಯುವ ಅಂಗಿ ಚೂರಿಯನ್ನೂ ತಡೆಯುತ್ತದೆಂದು ಭಾವಿಸಬಾರದು. ಅದರ ಪರೀಕ್ಷೆ ಬೇರೆ. ಗುಂಡು ನಿಂತರೂ ಅದರ ಪೆಟ್ಟಿಗೆ ಪಕ್ಕೆಲುಬು ಮುರಿಯಬಹುದು.

ಹಳೆಯ ಅಂಗಿ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರಿದ್ದಾರೆ. ಮೃದು ಜಾಕೆಟಿಗೆ ಸಾಮಾನ್ಯವಾಗಿ ಐದು ವರ್ಷದ ಖಾತರಿ. ಝೈಲಾನ್ ಎಂಬ ನಾರಿನ ಅಂಗಿಗಳು ತೇವ, ಶಾಖಗಳಿಂದ ಸತ್ವ ಕಳೆದುಕೊಳ್ಳುತ್ತವೆಂದು ತಿಳಿದುಬಂದದ್ದು, 2003ರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಅಂಗಿಯನ್ನು ಗುಂಡು ತೂರಿದ ಮೇಲೆ. 2005ರಲ್ಲಿ ಆ ನಾರಿನ ಅಂಗಿಗಳಿಗಿದ್ದ ಮಾನ್ಯತೆಯನ್ನೇ ರದ್ದುಪಡಿಸಲಾಯಿತು. ಇಂತಹ ಸರಕನ್ನು ಗೊತ್ತಿದ್ದೂ ಮಾರುವವನು ಹಾಲಿಗೆ ನೀರು ಬೆರೆಸಿ ಮಾರುವವನಿಗಿಂತ ಎಷ್ಟು ಪಾಲು ದೊಡ್ಡ ಪಾಪಿ ಎಂದು ನೀವೇ ಲೆಕ್ಕ ಹಾಕಿ.

ಕವಚ ಯಾರನ್ನೂ ನೋಯಿಸುವುದಿಲ್ಲ, ಆದುದರಿಂದ ಅದರಲ್ಲಿ ದೋಷವಿಲ್ಲ ಎಂದು ಹೇಳಿ ಇಲ್ಲಿಗೆ ಬಿಡಬಹುದಿತ್ತು. ಅದಕ್ಕೆ ಅಡ್ಡಬರುವ ಒಂದು ಘಟನೆಯಿದೆ. 2022ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಬಫೆಲೋ ನಗರದ ಕಿರಾಣಿ ಅಂಗಡಿಯೊಂದರಲ್ಲಿ ಜನಾಂಗದ್ವೇಷಿಯೊಬ್ಬ ಹತ್ತು ಮಂದಿ ಕಪ್ಪು ಜನರನ್ನು ಕೊಂದನು. ಅಂಗಡಿಯ ಕಾವಲುಗಾರ ಆರನ್ ಸಾಲ್ಟರ್ ನಿವೃತ್ತ ಪೊಲೀಸ್. ಅವರು ಹಂತಕನ ಮೇಲೆ ಗುಂಡು ಹಾರಿಸಿದರು, ಗುಂಡು ತಾಗಿತು ಕೂಡ. ಆದರೆ ಹಂತಕ ಕವಚ ತೊಟ್ಟಿದ್ದನು. ಸಾಲ್ಟರ್ ಪ್ರಾಣ ಕಳೆದುಕೊಂಡರು. ಅದೇ ವರ್ಷ ನ್ಯೂಯಾರ್ಕ್ ರಾಜ್ಯವು ನಿಗದಿತ ವೃತ್ತಿಯವರ ಹೊರತು ಬೇರೆಯವರಿಗೆ ಇಂತಹ ಕವಚ ಮಾರುವುದನ್ನು ನಿಷೇಧಿಸಿತು. ಕಾನೂನು ಮೊದಲು ಅಂಗೀಕಾರವಾದಾಗ ಮೃದು ಜಾಕೆಟುಗಳನ್ನಷ್ಟೇ ಹೆಸರಿಸಿತ್ತು. ಹಂತಕ ತೊಟ್ಟಿದ್ದ ಗಟ್ಟಿ ಫಲಕ ಅದರಲ್ಲಿ ಸೇರಿರಲೇ ಇಲ್ಲ, ಮತ್ತೆ ತಿದ್ದಬೇಕಾಯಿತು. ಕಬ್ಬಿಣದಲ್ಲಿ ಭೀಕರ ಶಕ್ತಿಯೂ ಜನರಿಗೆ ಪ್ರಯೋಜನವೂ ಇದೆಯೆಂದು ಸೂರಃ ಅಲ್ ಹದೀದ್ ಒಂದೇ ಉಸಿರಿನಲ್ಲಿ ಹೇಳುತ್ತದಲ್ಲವೇ? ದಾವೂದ್(ಅ)ರ ಕವಚವೂ ಕಬ್ಬಿಣದ್ದೇ, ಈ ಹಂತಕನದೂ ಕವಚವೇ.

ಹಾಗಾದರೆ ಆಯ್ಕೆ ಹೇಗೆ? ನನಗೆ ದಾರಿ ತೋರಿಸಿದ್ದು ಸೂರಃ ಅನ್ನಿಸಾದ 102ನೆಯ ಸೂಕ್ತ. ಭಯದ ಸಂದರ್ಭದ ನಮಾಝಿನ ವಿಧಿ ಅಲ್ಲಿದೆ: ಒಂದು ಗುಂಪು ನಮಾಝಿಗೆ ನಿಲ್ಲಬೇಕು, ಇನ್ನೊಂದು ಕಾವಲಿರಬೇಕು, ಅನಂತರ ಸ್ಥಾನ ಬದಲಿಸಬೇಕು. ಅಲ್ಲಿ ಎರಡು ಪದಗಳನ್ನು ಬೇರೆ ಬೇರೆಯಾಗಿ ಹೇಳಲಾಗಿದೆ. ಒಂದು ಹಿಝ್ರ್, ಅಂದರೆ ಎಚ್ಚರಿಕೆ. ಇನ್ನೊಂದು ಅಸ್ಲಿಹಃ, ಅಂದರೆ ಆಯುಧಗಳು. ಮಳೆಯಿಂದ ತೊಂದರೆಯಿದ್ದರೆ, ಕಾಯಿಲೆಯಿದ್ದರೆ ಆಯುಧವನ್ನು ಕೆಳಗಿಡಲು ಅನುಮತಿಯಿದೆ. ಎಚ್ಚರಿಕೆಯನ್ನು ಕೆಳಗಿಡಲು ಅನುಮತಿಯಿಲ್ಲ. ಆಯುಧವಿಲ್ಲದ ಎಚ್ಚರಿಕೆ ಇರಬಹುದು. ಎಚ್ಚರಿಕೆಯಿಲ್ಲದ ಆಯುಧಕ್ಕೆ ಆ ಸೂಕ್ತದಲ್ಲಿ ಎಡೆಯೇ ಇಲ್ಲ. ಅಂಗಡಿಯವರು ಮಾತ್ರ ಇವೆರಡನ್ನೂ ಒಂದೇ ಕಪಾಟಿನಲ್ಲಿಟ್ಟು ಮಾರುತ್ತಾರೆ. ಕೊಂಡವನಿಗೆ ತಾನು ಎಚ್ಚರಿಕೆಯನ್ನೇ ಕೊಂಡುಕೊಂಡೆನೆಂಬ ಭ್ರಮೆ.

ಕ್ರೈಸ್ಟ್‌ಚರ್ಚ್‌ನ ಲಿನ್‌ವುಡ್ ಮಸೀದಿಯಲ್ಲಿ ಅಬ್ದುಲ್ ಅಝೀಝ್ ಎಂಬವರು ಕೈಗೆ ಸಿಕ್ಕಿದ ಕಾರ್ಡ್ ಉಜ್ಜುವ ಯಂತ್ರವನ್ನೇ ಹಂತಕನತ್ತ ಎಸೆದು, ಕೂಗುತ್ತಾ ಅವನನ್ನು ಹೊರಗೆ ಸೆಳೆದರು. ಮೈಮೇಲೆ ಕವಚವಿರಲಿಲ್ಲ. ಹಂತಕನನ್ನು ಅವರು ಅಟ್ಟಿಸಿಕೊಂಡು ಹೋದರು. 2022ರಲ್ಲಿ ಅವರಿಗೆ ಆ ದೇಶದ ಶೌರ್ಯದ ಅತ್ಯುನ್ನತ ಪದಕ ದೊರೆಯಿತು. ಇದನ್ನು ಹೇಳಿದ್ದು ಬರಿಗೈಯಲ್ಲಿ ನಿಲ್ಲಿರೆಂದು ಉಪದೇಶಿಸಲಿಕ್ಕಲ್ಲ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಮಕ್ಕಳೂ ವೃದ್ಧರೂ ಹೊರಹೋಗುವ ಎರಡನೆಯ ದಾರಿಗೆ ಬೀಗ ಬಿದ್ದಿದೆಯೇ, ಪೊಲೀಸರಿಗೆ ಯಾರು ಫೋನ್ ಮಾಡಬೇಕು, ರಕ್ತ ಸುರಿಯುತ್ತಿರುವವನಿಗೆ ಪಟ್ಟಿ ಕಟ್ಟಲು ಎಷ್ಟು ಮಂದಿಗೆ ಗೊತ್ತು - ಇವೆಲ್ಲ ಹಿಝ್ರ್. ಇವುಗಳನ್ನು ಮುಗಿಸದೆ ಜಾಕೆಟಿನ ದರ್ಜೆ ಚರ್ಚಿಸುವವರಿಗೆ ನಾನೇನು ಹೇಳಲಿ?

ಇನ್ನು ಪಿಸ್ತೂಲಿನ ಮಾತು. ಕವಚ ಶುಕ್ರವಾರ ಮಧ್ಯಾಹ್ನ ಕಳಚಿದ ಮೇಲೆ ಒಂದು ಅಂಗಿ ಮಾತ್ರ. ಪಿಸ್ತೂಲು ಹಾಗಲ್ಲ. ವಾರದ ಉಳಿದ ದಿನಗಳಲ್ಲೂ ಅದು ಹೆಂಡತಿ ಮಕ್ಕಳ ಜೊತೆ ಅದೇ ಸೂರಿನಡಿ ಇರುತ್ತದೆ. 2021ರಲ್ಲಿ ಅಮೇರಿಕದಲ್ಲಿ ಬಂದೂಕಿನಿಂದ 48,830 ಮಂದಿ ಸತ್ತರು. ಅವರಲ್ಲಿ 26,328 ಮಂದಿ ಕೊಲೆಯಾದವರಲ್ಲ, ತಮ್ಮನ್ನು ತಾವೇ ಕೊಂದುಕೊಂಡವರು! ಕ್ಯಾಲಿಫೋರ್ನಿಯಾದ ಎರಡು ಕೋಟಿ ಅರುವತ್ತು ಲಕ್ಷ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸ್ವಂತ ಪಿಸ್ತೂಲಿರುವ ಪುರುಷರು ಗುಂಡು ಹಾರಿಸಿಕೊಂಡು ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚು. ಸ್ತ್ರೀಯರಲ್ಲಿ ಅದು ಮೂವತ್ತೈದು ಪಟ್ಟು. ಬಾಗಿಲಿಗೆ ಬರುವ ಶತ್ರುವಿಗಾಗಿ ತಂದದ್ದು ಮನೆಯೊಳಗಿನ ದುಃಖದ ಕೈಗೆ ಸಿಗುತ್ತದೆ. ಸಿಟ್ಟಿನ ಗಳಿಗೆ, ಹತಾಶೆಯ ಗಳಿಗೆ ಯಾರ ಮನೆಯಲ್ಲಿಲ್ಲ? ನಮ್ಮ ಮನೆಗಳಲ್ಲಿ ಇಂತಹ ದುಃಖವನ್ನು ಬಾಯಿಬಿಟ್ಟು ಹೇಳುವ ರೂಢಿಯೂ ಇಲ್ಲ.

ತನ್ನ ಸೊತ್ತನ್ನು, ಪ್ರಾಣವನ್ನು, ಕುಟುಂಬವನ್ನು ರಕ್ಷಿಸುತ್ತಾ ಸತ್ತವನು ಶಹೀದನೆಂದು ಕಲಿಸಿದ ಧರ್ಮ ನಮ್ಮದು. ಆತ್ಮರಕ್ಷಣೆಯ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದೇ ಪ್ರವಾದಿ(ಸ) ಮಸೀದಿಯಲ್ಲಿ, ಸಂತೆಯಲ್ಲಿ ಬಾಣ ಹಿಡಿದು ಹೋಗುವವನು ಅದರ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕೆಂದರು. ಒರೆಯಿಂದ ಹಿರಿದ ಖಡ್ಗವನ್ನು ಒಬ್ಬರಿಂದೊಬ್ಬರಿಗೆ ಕೊಡಬಾರದೆಂದರು. ತಮಾಷೆಗಾದರೂ ಸಹೋದರನತ್ತ ಆಯುಧ ತೋರಿಸಿದವನನ್ನು ಮಲಕ್‌ಗಳು ಶಪಿಸುತ್ತಾರೆಂದರು. ಇವು ಆಯುಧದ ಅದಬ್. ಇಂದು ಅದರ ಅರ್ಥ, ಕುದುರೆಯನ್ನು, ಅಂದರೆ ಬೆರಳಿಡುವ ಕೀಲನ್ನು ಪೂರ್ತಿ ಮುಚ್ಚುವ ಗಟ್ಟಿಯಾದ ಒರೆ, ಮನೆಯಲ್ಲಿ ಬೀಗವಿರುವ ಪೆಟ್ಟಿಗೆ, ತೋಟೆಗಳಿಗೆ ಬೇರೆಯೇ ಜಾಗ, ಮತ್ತು ತಿಂಗಳುಗಟ್ಟಲೆ ತರಬೇತಿ. ಇಷ್ಟಕ್ಕೆ ಸಮಯವಿಲ್ಲದವನು ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತರೆ, ಅವನ ಪಕ್ಕದಲ್ಲಿ ಸುಜೂದಿಗೆ ಹೋಗುವವನ ಗತಿಯೇನು? ಮಸೀದಿಯವರು ಹಣ ಕೂಡಿಸಿ ತರಬೇತಿ ಪಡೆದ ಕಾವಲುಗಾರನನ್ನೋ, ರಜೆಯಲ್ಲಿರುವ ಪೊಲೀಸನನ್ನೋ ನೇಮಿಸುವುದು ಲೇಸು.

ತಾಯಂದಿರಿಗೆ ಇನ್ನೊಂದು ವಿಷಯ ತಿಳಿದಿರಲಿ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿರುವವರು ಬಂದೂಕು, ತೋಟೆ ಇಟ್ಟುಕೊಳ್ಳುವುದನ್ನು ಅಮೇರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್‌ನಂತಹ ಕೆಲವೇ ವಿನಾಯಿತಿಗಳಿವೆ. ಗೆಳೆಯ ಕೊಟ್ಟದ್ದನ್ನು ಒಂದು ಗಂಟೆ ಸೊಂಟದಲ್ಲಿಟ್ಟುಕೊಂಡರೂ ಜೈಲು ಮತ್ತು ಗಡೀಪಾರಿನ ಅಪಾಯ. ಮಗನ ವೀಸಾ ಯಾವುದೆಂದು ಕೇಳಿದಾಗ ಆ ತಾಯಿಗೆ ಅದು ತಿಳಿದಿರಲಿಲ್ಲ. ಫೋನ್ ಮಾಡಿ ತಿಳಿದುಕೊಂಡರು. ಎಚ್-1ಬಿ. ಪಿಸ್ತೂಲಿನ ಚರ್ಚೆ ಅವನ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ನಮ್ಮ ನಾಡಿನಲ್ಲಿ 1959ರ ಆಯುಧ ಕಾಯ್ದೆಯಂತೆ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ ಮಾತು. ಚುನಾವಣೆ ಬಂದಾಗ ತೋಟದ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬರುವುದನ್ನು ಮಲೆನಾಡಿನವರು ಬಲ್ಲರು. ಪಟ್ಟಣದ ವ್ಯಾಪಾರಿಯೊಬ್ಬ ಅಂತಸ್ತಿಗಾಗಿ ಪಿಸ್ತೂಲಿನ ಲೈಸೆನ್ಸಿಗೆ ಓಡಾಡುವುದನ್ನು ಕಂಡಾಗ ಮಾತ್ರ ನನಗೆ ಮರುಕವಾಗುತ್ತದೆ.

ಖರ್ಚಿನ ವಿಷಯದಲ್ಲೂ ನಮಗೆ ಮಾದರಿಯಿದೆ. ಕನ್ನಡ ಬಿ.ಎ. ತರಗತಿಯಲ್ಲಿ ಕರ್ಣನು ಹುಟ್ಟಿನಿಂದ ಬಂದ ಕವಚವನ್ನು ಕತ್ತರಿಸಿ ದಾನ ಕೊಟ್ಟ ಪ್ರಸಂಗ ಓದುವಾಗಲೆಲ್ಲ ನನಗೆ ಇನ್ನೊಂದು ಕವಚದ ನೆನಪಾಗುತ್ತಿತ್ತು. ಪ್ರವಾದಿ(ಸ) ನಿಧನರಾದಾಗ ಅವರ ಕವಚ ಒಬ್ಬ ಯಹೂದಿಯ ಬಳಿ ಅಡವಿತ್ತು, ಮೂವತ್ತು ಸಾಅ್ ಜವೆಗೋಧಿಗಾಗಿ, ಮನೆಯವರ ಆಹಾರಕ್ಕಾಗಿ. ಅಲೀ(ರ) ಫಾತಿಮಾ(ರ)ರಿಗೆ ಮಹ್ರ್ ಆಗಿ ಕೊಟ್ಟದ್ದೂ ಒಂದು ಕವಚವನ್ನೇ. ಮನೆಯ ಅನ್ನಕ್ಕಿಂತ ಕವಚ ದೊಡ್ಡದೆಂದು ಅವರು ಎಣಿಸಲಿಲ್ಲ. ಸಾಲ ಮಾಡಿ ದುಬಾರಿ ಜಾಕೆಟ್ ಕೊಳ್ಳುವುದಕ್ಕಿಂತ ಕಮಿಟಿಯೇ ಬೇರೆ ಬೇರೆ ಅಳತೆಯ ಎರಡು ಮೂರು ಅಂಗಿಗಳನ್ನು ಕೊಂಡು ಕಾವಲು ನಿಲ್ಲುವವರಿಗೆ ಎರವಲು ಕೊಡಬಹುದು. ಹುನೈನ್ ಯುದ್ಧಕ್ಕೆ ಸಫ್ವಾನ್ ಬಿನ್ ಉಮಯ್ಯಾರಿಂದ ಕವಚಗಳನ್ನು ಪಡೆದಾಗ ಪ್ರವಾದಿ(ಸ) ಹಾಗೆಯೇ, ಹಿಂದಿರುಗಿಸುವ ಹೊಣೆಹೊತ್ತು ಎರವಲು ಪಡೆದಿದ್ದರು.

ಕಾವಲು ನಿಂತವನ ಜುಮುಅ ಏನಾಯಿತು ಎಂದು ಆ ತಾಯಿ ಕೊನೆಗೆ ಕೇಳಿದರು. ಪ್ರಾಣಭಯವೂ ಇತರರ ರಕ್ಷಣೆಯ ಹೊಣೆಯೂ ಜುಮುಅಕ್ಕೆ ಬಾರದಿರಲು ನ್ಯಾಯವಾದ ಕಾರಣಗಳೆಂದು ಕರ್ಮಶಾಸ್ತ್ರಜ್ಞರು ಹೇಳಿದ್ದಾರೆ. ಅಂತಹವನು ಝುಹ್ರ್ ನಿರ್ವಹಿಸಿದರೆ ಸಾಕು. ಆದರೆ ಜಾಗ ಸಾಲದೆ ಅಮೇರಿಕದ ಅನೇಕ ಮಸೀದಿಗಳಲ್ಲಿ ಜುಮುಅ ಎರಡು ಬಾರಿ ನಡೆಯುತ್ತದೆ. ಮೊದಲನೆಯದರಲ್ಲಿ ಬಾಗಿಲ ಬಳಿ ನಿಂತು ಒಳಬರುವವರಿಗೆ ಸಲಾಮ್ ಹೇಳುತ್ತಾ ಕಾಯ್ದವನು, ಅಂಗಿಯನ್ನು ಮುಂದಿನವನಿಗೆ ಕೊಟ್ಟು, ಎರಡನೆಯದರಲ್ಲಿ ಸಾಲಿಗೆ ಸೇರಬಹುದು.