ಗಾಲಿಯ ಅಂತರ

ಕೊಳ್ಳೇಗಾಲದ ನಮ್ಮ ಮನೆಯ ಹಜಾರದಲ್ಲಿ, ರೇಡಿಯೋ ನಿಯಂತ್ರಣದಿಂದ ಓಡುವ ತನ್ನ ಪುಟ್ಟ ಕಾರು ವೇಗದಲ್ಲಿ ತಿರುಗಿದಾಗಲೆಲ್ಲ ಮಗುಚಿಕೊಳ್ಳುತ್ತಿದ್ದುದರಿಂದ ಅದರ ಗಾಲಿಗಳನ್ನು ಸರಿಪಡಿಸಲು ಕುಳಿತಿದ್ದ ಮೊಮ್ಮಗನನ್ನು ನೋಡುತ್ತಿದ್ದಂತೆ, ಬಹುಕಾಲದಿಂದ ನನ್ನನ್ನು ಕಾಡಿದ ಪ್ರಶ್ನೆಯೊಂದು ಎದುರಿಗೆ ಬಂದು ನಿಂತಿತು: ಮನುಷ್ಯನ ಅಂತರಂಗದ ಅಳತೆ ಸಿಕ್ಕುವುದು ಏಕಾಂತದಲ್ಲೋ, ಲೋಕದ ನಡುವೆಯೋ?

ಹುಡುಗನು ಕಾರನ್ನು ಕೈಯಲ್ಲೆತ್ತಿ ಹಿಡಿದು ಎಡಬಲದ ಗಾಲಿಗಳ ನಡುವಣ ಅಂತರವನ್ನು ಕ್ಯಾಲಿಪರಿನಿಂದ ಅಳೆದನು; ಬಳಿಕ ನುಣುಪಾದ ಚಪ್ಪಡಿಯ ಮೇಲಿಟ್ಟು, ಬೆನ್ನನ್ನು ಎರಡು ಬಾರಿ ಮೆಲ್ಲನೆ ಅದುಮಿ, ತುಸು ಮುಂದಕ್ಕುರುಳಿಸಿ ಮತ್ತೆ ಅಳೆದನು. ಎರಡೂ ಒಂದಾಗಲಿಲ್ಲ. ಎತ್ತಿ ಹಿಡಿದಾಗ ಸ್ಪ್ರಿಂಗುಗಳು ಸಡಿಲಗೊಂಡು, ಗಾಲಿಯ ತೋಳುಗಳು ಜೋತುಬಿದ್ದು, ಅಂತರ ಕಿರಿದಾಗುತ್ತದೆ. ತನ್ನ ಭಾರವನ್ನು ತಾನೇ ಹೊತ್ತು ನೆಲದ ಮೇಲೆ ನಿಂತಾಗ ದೊರೆಯುವುದೇ ದಿಟವಾದ ಅಳತೆ. ಅನಂತರ ಗಾಲಿಯನ್ನು ಕಳಚಿ, ಗುಂಬದ ಹಿಂದೆ ಅರ್ಧ ಮಿಲಿಮೀಟರಿನ ಬಿಲ್ಲೆಗಳನ್ನು ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಸೇರಿಸಿದನು. ಅಂತರ ಹಿಗ್ಗಿದಷ್ಟೂ ಮಗುಚುವ ಭಯ ಕಡಮೆ. ಆದರೆ ಹಿಗ್ಗಿಗೂ ಮೇರೆಯುಂಟು, ಹತ್ತರಲ್ಲೊಂದು ಪ್ರಮಾಣದ ರಸ್ತೆಕಾರುಗಳ ಸ್ಪರ್ಧೆಗಳಲ್ಲಿ ಒಟ್ಟು ಅಗಲಕ್ಕೆ ಸಾಮಾನ್ಯವಾಗಿ 190 ಮಿಲಿಮೀಟರು ಗಡಿ. ಹನೂರಿನ ಮೇಲೆ ಮಾದಪ್ಪನ ಬೆಟ್ಟದತ್ತ ಪರಸೆ ಹೊರಟ ಎತ್ತಿನ ಗಾಡಿಗೂ ಇದೇ ನ್ಯಾಯ: ಗಾಲಿಯ ಅಂತರ ದಾರಿಯ ಜಾಡಿಗೆ ಕೂಡದಿದ್ದರೆ, ಕೀಲೆಣ್ಣೆಯನ್ನು ಎಷ್ಟು ಹೊಯ್ದರೂ ಇರುಸಿನ ನರಳಾಟ ನಿಲ್ಲದು.

ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಮನಸ್ಸನ್ನು ಲಗಾಮೆಂದೂ ನಿರೂಪಿಸಿ, ಗಾಲಿಯನ್ನೂ ಇರುಸನ್ನೂ ಹೆಸರಿಸದೆ ಮುಂದೆ ಸಾಗುತ್ತದೆ. ಆದರೆ ಋಗ್ವೇದದಲ್ಲಿ 'ಸುಖ'ವೆಂಬುದು ರಥಕ್ಕೇ ವಿಶೇಷಣ. 'ಖ'ವೆಂದರೆ ಇರುಸು ಕೂರುವ ರಂಧ್ರ, ಅದು ಹದವಾಗಿದ್ದರೆ ಸುಖವೆಂದು ವಿದ್ವಾಂಸರಲ್ಲಿ ಹಲವರು ವಿವರಿಸಿದ್ದಾರೆ. ಈ ನಿರ್ವಚನ ನನಗೆ ಅತ್ಯಂತ ಪ್ರಿಯವಾದುದು; ಏಕೆಂದರೆ ರಂಧ್ರವು ಹದವಾಗಿದೆಯೆ ಎಂಬುದು ಗಾಲಿ ಉರುಳಿದ ಮೇಲಲ್ಲದೆ ತಿಳಿಯದು.

ಏಕಾಂತಸಾಧನೆಯನ್ನು ನಾನು ಹಳಿಯಲಾರೆ. ಬಿಲ್ಲೆಯನ್ನು ಸೇರಿಸಬೇಕಾದರೆ ಗಾಲಿಯನ್ನು ನೆಲದಿಂದ ಎತ್ತಲೇಬೇಕು. ತಿದ್ದುವುದು ಅಲ್ಲಿ, ಅಳೆಯುವುದು ಇಲ್ಲಿ. ಯಳಂದೂರಿನ ಸೀಮೆಯಲ್ಲಿ ಸೋಲಿಗರು ಭಾವನೆಂದೇ ಕರೆಯುವ ಬಿಳಿಗಿರಿರಂಗನಿಗೆ, ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುವ ವಾಡಿಕೆಯುಂಟು; ಸ್ವಾಮಿಯು ಅವನ್ನು ಮೆಟ್ಟಿ ಕಾಡಿನಲ್ಲೆಲ್ಲ ತಿರುಗುವುದರಿಂದ ಅಟ್ಟೆ ಸವೆಯುತ್ತದೆಂದು ಭಕ್ತರ ನಂಬಿಕೆ. ಗರ್ಭಗುಡಿಯಲ್ಲಿ ಅಚಲನಾಗಿ ನಿಂತ ದೇವರ ಸಾನ್ನಿಧ್ಯಕ್ಕೆ ನಮ್ಮ ಜನ ಹುಡುಕಿದ ಗುರುತು ಸವೆದ ಅಟ್ಟೆ! ಆ ಪಾದರಕ್ಷೆಯನ್ನು ಅರ್ಚಕರು ತಲೆಗೆ ಮುಟ್ಟಿಸಿದಾಗ ಚರ್ಮದ ಒರಟು ಸ್ಪರ್ಶದಿಂದ ನನ್ನ ಮೈ ನವಿರೆದ್ದುದುಂಟು.

ಸಂಜೆ ಅಂಗಳದಲ್ಲಿ ಕಾರು ಹತ್ತಾರು ಸುತ್ತು ಓಡಿತು, ಮಗುಚಲಿಲ್ಲ. ಹುಡುಗನು ಅದನ್ನೆತ್ತಿ ಬುಡಮೇಲು ಮಾಡಿ, ಟೈರಿನ ಯಾವ ಅಂಚು ಹೆಚ್ಚು ಸವೆದಿದೆಯೆಂದು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದನು.