ಕಾಣದ ಗೋಡೆಗಳು

ಗೋಡೆಗೂ ಕಿವಿ ಇರುತ್ತವೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಿವಿಯಿದ್ದರೇನಂತೆ, ಕಣ್ಣಿಗೆ ಕಾಣುವ ಗೋಡೆಯಾದರೆ ದನಿ ತಗ್ಗಿಸಿ ಮಾತಾಡಬಹುದು. ಆದರೆ ಕಣ್ಣಿಗೇ ಕಾಣದ ಗೋಡೆಯ ಮುಂದೆ ಏನು ಮಾಡಬೇಕು? ಈ ಪ್ರಶ್ನೆ ನನಗೆ ಯಾವ ಶಾಸ್ತ್ರಗ್ರಂಥದಿಂದಲೂ ಹುಟ್ಟಲಿಲ್ಲ. ಹುಬ್ಬಳ್ಳಿಯಲ್ಲಿ ಬಿ.ಸಿ.ಎ. ಓದುವ ನನ್ನ ತಂಗಿಯ ಮಗಳು ಕಂಪ್ಯೂಟರಿನೊಳಗೆ ಕಟ್ಟಲು ಹೊರಟ ಒಂದು ಊರಿನಿಂದ ಹುಟ್ಟಿತು.

ಆ ಊರು ಬೇರೆ ಯಾವುದೂ ಅಲ್ಲ, ಕುಂದಗೋಳ ತಾಲೂಕಿನ ಎರೆಭೂಮಿಯ ನಮ್ಮ ಕುಬಿಹಾಳ. ಅವಳು ಬಳಸುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. ಕಂಪ್ಯೂಟರ್ ಆಟಗಳನ್ನು ಕಟ್ಟುವುದು ಇದರಲ್ಲಿಯೇ. 'ಗೊಡೊ' ಎಂದು ಅದರ ಹೆಸರು. ಅರ್ಜೆಂಟೀನಾ ದೇಶದ ಇಬ್ಬರು ಬೆಳೆಸಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟದ್ದರಿಂದ ಕಾಸು ಕೊಡಬೇಕಾಗಿಲ್ಲ. ಆಟವೆಂದರೆ ಗೆಲ್ಲಲು ಸೋಲಲು ಅಲ್ಲ. ಗುಂಡಿ ಒತ್ತುತ್ತ ಊರೊಳಗೆ ಅಡ್ಡಾಡಿ ನೋಡುವುದು, ಅಷ್ಟೆ.

ಹೊಸದಾಗಿ ಕಲಿಯುವವರಿಗೆ ಅಲ್ಲಿ ಮೊದಲ ಪಾಠ ನೆಲದ್ದು. "ದೊಡ್ಡವ್ವ, ನೆಲಾ ಹಾಕೀನಿ, ಆದ್ರ ಮನಷ್ಯಾ ನಿಂದ್ರವಲ್ಲ, ಪಾತಾಳಕ್ಕ ಹೊಂಟಾನ" ಎಂದು ಅವಳು ತಲೆ ಕೆರೆದುಕೊಂಡಳು. ನೆಲ ಕಣ್ಣಿಗೆ ಕಂಡರೆ ಸಾಲದಂತೆ. ಇಲ್ಲಿ ಕಾಲು ತಡೆಯಬೇಕು ಎಂದು ಕಂಪ್ಯೂಟರಿಗೆ ಬೇರೆಯಾಗಿ ತಿಳಿಸಬೇಕು. ಗೋಡೆಯ ಮಾತೂ ಇದೇ. ತಿಳಿಸದಿದ್ದರೆ ಕಲ್ಲಿನ ಗೋಡೆಯನ್ನು ಮಂಜಿನಂತೆ ದಾಟಬಹುದು. ಇದರ ತಿರುವುಮುರುವೂ ಉಂಟು. ಏನೂ ಕಾಣದ ಬಯಲಿನಲ್ಲಿ ಬರಿಯ ತಡೆಯನ್ನಷ್ಟೇ ಇಡಬಹುದು. ಆಡುವವರು ಕಟ್ಟಿದ ಊರಿನ ಅಂಚು ದಾಟಿ ಶೂನ್ಯಕ್ಕೆ ಬೀಳದಿರಲೆಂದು ಆಟ ಕಟ್ಟುವವರು ಹೀಗೆ ಕಾಣದ ಗೋಡೆ ಹಾಕುತ್ತಾರೆ. ದಾರಿ ಮುಂದೆ ಕಾಣುತ್ತದೆ, ಕಾಲು ಮಾತ್ರ ಏಳುವುದಿಲ್ಲ.

ಇದನ್ನು ಕೇಳಿದಾಗ ನನಗೆ ಶಾಲೆಯ ನಕಾಶೆಗಳು ನೆನಪಾದವು. ನಾಲ್ಕನೆಯ ಇಯತ್ತೆಯ ಮಕ್ಕಳಿಂದ ಎಷ್ಟೋ ವರ್ಷ ಊರಿನ ನಕಾಶೆ ಬರೆಯಿಸಿದ್ದೇನೆ. ಗಂಡುಹುಡುಗರ ಹಾಳೆಯಲ್ಲಿ ಬಸ್ ನಿಲ್ದಾಣ, ಚಹಾದಂಗಡಿ, ಹಳ್ಳ, ಹಳ್ಳದಾಚೆಯ ಹೊಲ ಎಲ್ಲ ಬರುತ್ತಿದ್ದವು. ಹೆಣ್ಣುಹುಡುಗಿಯರ ಊರು ಮನೆ, ನಳ, ಶಾಲೆ, ಗುಡಿಗೆ ಮುಗಿಯುತ್ತಿತ್ತು. ಊರಂಚಿನ ಕೆಲವು ಓಣಿಗಳು ಬಹಳ ಹಾಳೆಗಳಲ್ಲಿ ಇರುತ್ತಲೇ ಇರಲಿಲ್ಲ. ಆ ಓಣಿಯ ಮಕ್ಕಳು ಮಾತ್ರ ತಮ್ಮ ಮನೆಯನ್ನು ದೊಡ್ಡದಾಗಿ ಬರೆದು ಬಣ್ಣ ತುಂಬುತ್ತಿದ್ದರು. ಒಂದೇ ಊರು, ಎಷ್ಟೊಂದು ಅಳತೆ! ಯಾವ ಮಗುವಿಗೂ ಯಾರೂ ಗೋಡೆ ತೋರಿಸಿರಲಿಲ್ಲ. ಆದರೂ ಅದು ಎಲ್ಲಿದೆ ಎಂಬುದು ಪ್ರತಿಯೊಂದಕ್ಕೂ ಗೊತ್ತಿತ್ತು.

ನಮ್ಮ ಕುಂದಗೋಳದ ದಾರಿಯೇ ಇದಕ್ಕೆ ಸಾಕ್ಷಿ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಸಂಗೀತಕ್ಕೆಂದು ಬೀದಿಯಲ್ಲಿ ಹೋಗುವ ಆ ಹೆಣ್ಣುಮಗಳನ್ನು ಜನ 'ಗಾನೇವಾಲಿ' ಎಂದು ಹಂಗಿಸಿದರು. ಬೀದಿಗೆ ಯಾರೂ ಬೇಲಿ ಹಾಕಿರಲಿಲ್ಲ, ಒಂದು ಶಬ್ದವೇ ಬೇಲಿಯಾಗಿತ್ತು. ಅವರು ಅದನ್ನು ದಾಟಿ ದಿನವೂ ನಡೆದರು. 2002ರಲ್ಲಿ ಪದ್ಮವಿಭೂಷಣ ಬಂದಾಗ ದೇಶವೆಲ್ಲ ಮೆಚ್ಚಿತು. ಆದರೆ ಹೆಚ್ಚಿನ ಧೈರ್ಯ ಬೇಕಾದದ್ದು ವೇದಿಕೆಯ ಮೇಲೋ, ಆ ಬೀದಿಯಲ್ಲೋ?

ಹಾಗಾದರೆ ಗೋಡೆಗಳನ್ನೆಲ್ಲ ತೆಗೆದುಬಿಡಬೇಕೆ? ನಮ್ಮ ಹುಡುಗಿ ಮೊದಲು ಹಾಗೆಯೇ ಮಾಡಿದಳು. ಅವಳ ಕುಬಿಹಾಳದಲ್ಲಿ ಎಲ್ಲ ಮನೆಗಳ ಬಾಗಿಲೂ ತೆರೆದೇ ಇದ್ದವು. ಯಾರು ಬೇಕಾದರೂ ಯಾರ ಪಡಸಾಲೆಗೂ ಅಡಿಗೆಮನೆಗೂ ನುಗ್ಗಬಹುದು. ನನಗೇಕೋ ಅದು ಸರಿಯೆನಿಸಲಿಲ್ಲ.

ಹಂಪಿಯ ಮಾತು ಬೇರೆ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಹಂಪಿ ಯೋಜನೆಯಲ್ಲಿ ಅಲ್ಲಿಯ ಗುಡಿ, ಶಿಲ್ಪ, ಭಿತ್ತಿಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕಾಪಿಡುವ ಕೆಲಸ ನಡೆಯಿತು. ನಮ್ಮ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ದುಡಿದರು. ಅದಕ್ಕೂ ಮೊದಲು 2006ರಲ್ಲಿ ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಎಂಬವರು ನೋಡುಗರ ಸುತ್ತಲೂ ಹಂಪಿಯನ್ನೇ ದುಂಡಗಿನ ಪರದೆಯಾಗಿ ನಿಲ್ಲಿಸಿ ತೋರಿಸಿದ್ದರು. ಪಾಳುಬಿದ್ದ ಅರಮನೆಯ ಒಳಗೆ ಹೋದರೆ ಕೇಳಲು ರಾಣಿ ಇಲ್ಲ. ಕುಬಿಹಾಳದ ಮನೆಗಳಲ್ಲಿ ಬಾಣಂತಿ ಇದ್ದಾಳೆ, ಜಡ್ಡಾಗಿ ಮಲಗಿದ ಮುದುಕಿ ಇದ್ದಾಳೆ, ಸಾಲದ ಲೆಕ್ಕವನ್ನು ಮೆಲ್ಲಗೆ ಮಾತಾಡುವ ಗಂಡಹೆಂಡಿರಿದ್ದಾರೆ.

ಯೋಚಿಸುತ್ತ ಹೋದಂತೆ ಗೋಡೆಗಳಲ್ಲಿ ಎರಡು ಜಾತಿ ಎನಿಸಿತು. ಒಳಗಿದ್ದವರು ತಮಗಾಗಿ ಹಾಕಿಕೊಂಡ ಬಾಗಿಲು ಒಂದು. ಅದರ ಅಗಳಿ ಅವರ ಕೈಯಲ್ಲಿಯೇ ಇರುತ್ತದೆ. ಇನ್ನೊಂದು, ಬೇರೆಯವರು ನಮ್ಮ ಸುತ್ತ ಕಟ್ಟಿದ್ದು. ಅದರ ಅಗಳಿ ಹೊರಗಿರುತ್ತದೆ. ಮೊದಲನೆಯದು ಮರ್ಯಾದೆ, ಎರಡನೆಯದು ಸೆರೆ. ಕಷ್ಟವೆಂದರೆ ಎರಡನ್ನೂ ನಾವು ಮರ್ಯಾದೆ ಎಂದೇ ಕರೆಯುತ್ತೇವೆ. ಅಗಳಿ ಯಾರ ಕಡೆಗಿದೆ ಎಂದು ಕೈಯಾಡಿಸಿ ನೋಡುವುದೊಂದೇ ಪರೀಕ್ಷೆ.

ಇದನ್ನು ಹೇಳಿದ ಮೇಲೆ ಹುಡುಗಿ ಮನೆಗಳ ಬಾಗಿಲು ಮುಚ್ಚಿದಳು, ಬಾರಿಸಲು ಚಿಲಕ ಇಟ್ಟಳು. ಓಣಿಗಳನ್ನು ಮಾತ್ರ ತೆರೆದೇ ಬಿಟ್ಟಳು. ಅವಳ ಊರಿನಲ್ಲಿ ನಡೆದಾಡುವುದು ಒಬ್ಬ ಹುಡುಗಿ. ಬೆಳದಿಂಗಳಲ್ಲಿ ಒಬ್ಬಳೇ ಕೆರೆಯ ದಂಡೆಗೆ ಹೋಗಿ ಕೂಡುತ್ತಾಳೆ. ನೋಡಿದ ನನ್ನ ತಂಗಿ, "ಖರೇನ ಹಿಂಗ ಅಡ್ಡಾಡಿದ್ರ ಕಾಲ ಮುರೀತಿದ್ದೆ" ಎಂದಳು. ನಕ್ಕೆವು. ನಕ್ಕ ಮೇಲೆ ಮೂವರೂ ಸುಮ್ಮನಾದೆವು.

ಆ ಬೆಳದಿಂಗಳ ಊರಿನಲ್ಲಿ ತಡೆಯುವವರಿಲ್ಲ ನಿಜ. ಆದರೆ "ಊಟಾತೇನವಾ" ಎಂದು ಕೇಳುವವರೂ ಇಲ್ಲ. ಯಾರೂ ಇಲ್ಲದ ಊರಿನ ಸ್ವಾತಂತ್ರ್ಯ ಸೋವಿಯದು. ಅದಕ್ಕೆ ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುವಾಗಲೂ ಹುಡುಗಿ ಕೆರೆಗೆ ಹೋಗಿ ಬರುವಂತಾದರೆ ಅದು ಊರು. ಮುಂದಿನ ರಜೆಯಲ್ಲಿ ಜನರನ್ನು ಸೇರಿಸುತ್ತಾಳಂತೆ. ಅವರ ಬಾಯಿಗೆ ಯಾವ ಮಾತು ಹಾಕಬೇಕೆಂದು ಈಗಲೇ ನನ್ನನ್ನು ಕೇಳುತ್ತಿದ್ದಾಳೆ. ಗೋಡೆಯಾಗುವ ಮಾತುಗಳು ನಮ್ಮೂರಲ್ಲಿ ಬೇಕಾದಷ್ಟಿವೆ; ದಾರಿ ಬಿಡುವ ಮಾತುಗಳನ್ನು ಹುಡುಕುತ್ತಿದ್ದೇನೆ.