ಹಸಿಯ ಆಹಾರವೂ ಅವಮೌದರ್ಯ ತಪವೂ

ಶ್ರೀ ವೀತರಾಗಾಯ ನಮಃ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರು ಬಾಹ್ಯ ತಪಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅನಶನವು ಮೊದಲನೆಯದು, ಅವಮೌದರ್ಯವು ಎರಡನೆಯದು. ಮೊದಲನೆಯದನ್ನು ಶ್ರಾವಕ-ಶ್ರಾವಿಕೆಯರೆಲ್ಲರೂ ಬಲ್ಲರು. ಎರಡನೆಯದರ ಹೆಸರನ್ನು ಬಲ್ಲವರು ಹಲವರು, ಆಚರಿಸುವವರು ಕೆಲವರು. ಉಪವಾಸವು ನಾಲ್ವರ ಕಣ್ಣಿಗೆ ಕಾಣುತ್ತದೆ. ಹಸಿವು ಇನ್ನೂ ಸ್ವಲ್ಪ ಉಳಿದಿರುವಾಗಲೇ ಕೈತೊಳೆದು ಏಳುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಉಚ್ಚಿಲದ ಕಡಲಂಚಿನ ಒಂದು ಗೃಹಸ್ಥನ ಮನೆಯನ್ನು ದೃಷ್ಟಾಂತವಾಗಿ ಭಾವಿಸಿಕೊಳ್ಳಬಹುದು. ಯಜಮಾನನು ಚಾತುರ್ಮಾಸದ ಆರಂಭದಲ್ಲಿ ಬೇಯಿಸಿದ ಅನ್ನವನ್ನು ಬಿಟ್ಟನು. ಮುಳ್ಳುಸೌತೆ, ಬಾಳೆಹಣ್ಣು, ತೆಂಗಿನಕಾಯಿ, ನೆಲಗಡಲೆ ಇವಿಷ್ಟೇ ಆಹಾರವೆಂದು ನಿಯಮ ಹಿಡಿದನು. ಬಂಧುಗಳು ಕೊಂಡಾಡಿದರು. ಎರಡು ವಾರ ಕಳೆಯುವಷ್ಟರಲ್ಲಿ ಅವನ ಬಾಯಿ ಬೆಳಗಿನಿಂದ ಸೂರ್ಯಾಸ್ತದವರೆಗೆ ಬಿಡುವಿಲ್ಲದೆ ಆಡತೊಡಗಿತು. ಸಂಜೆ ಹೊತ್ತು ಮುಳುಗುವ ಮುನ್ನ ಮುಷ್ಟಿ ಮುಷ್ಟಿಯಾಗಿ ಕಡಲೆ ತಿನ್ನುವನು. ರಾತ್ರಿ ಹೊಟ್ಟೆಯುಬ್ಬರದಿಂದ ಸಾಮಾಯಿಕಕ್ಕೆ ಕುಳಿತುಕೊಳ್ಳಲಾರನು. ಮಡದಿ ಕೇಳಿದರೆ, “ಹಣ್ಣು ತಾನೆ, ದೋಷವೇನು?” ಎನ್ನುವನು. ಆದರೆ ಆ ಉತ್ತರದಿಂದ ಅವನ ಮನಸ್ಸಿಗೇ ಸಮಾಧಾನವಿಲ್ಲ. ನಿಯಮ ಮುರಿದಿಲ್ಲ, ಆದರೂ ತಾನು ಸೋತಿದ್ದೇನೆಂದು ಒಳಗೊಳಗೇ ನಾಚುತ್ತಾನೆ.

ಇಂತಹವನನ್ನು ಹಳಿಯುವ ಮೊದಲು ಕಾರಣವನ್ನು ವಿಚಾರಿಸಬೇಕು. 100 ಗ್ರಾಂ ಅನ್ನದಲ್ಲಿ ಸುಮಾರು 130 ಕಿಲೊಕ್ಯಾಲರಿ ಶಕ್ತಿಯಿದ್ದರೆ, ಅಷ್ಟೇ ಸೌತೆಯಲ್ಲಿ ಇರುವುದು ಸುಮಾರು 15 ಮಾತ್ರ. ದಿನಕ್ಕೆ 2000 ಕಿಲೊಕ್ಯಾಲರಿ ಬೇಕಾದವನು ಸೌತೆಯೊಂದರಿಂದಲೇ ಅದನ್ನು ಪಡೆಯಬೇಕಾದರೆ 13 ಕಿಲೊಗ್ರಾಂ ತಿನ್ನಬೇಕಾದೀತು! ಹೊಟ್ಟೆ ತುಂಬುತ್ತದೆ, ದೇಹದ ಬೇಡಿಕೆ ತೀರುವುದಿಲ್ಲ. ಆಗ ಕೈ ತಾನಾಗಿ ತೆಂಗು-ಕಡಲೆಗಳ ಕಡೆಗೆ ಹೋಗುತ್ತದೆ. ತೆಂಗಿನ ತಿರುಳಿನ 100 ಗ್ರಾಮಿನಲ್ಲಿ ಸುಮಾರು 350, ನೆಲಗಡಲೆಯಲ್ಲಿ 560ಕ್ಕೂ ಮಿಗಿಲು. ಅಲ್ಲಿ ಅಲ್ಪವೂ ಅಧಿಕವಾಗುತ್ತದೆ. ಆದ್ದರಿಂದ ಅವನ ತಿನ್ನುವಿಕೆಯಲ್ಲಿ ಅರ್ಧ ದೇಹದ ನಿಜವಾದ ಹಸಿವು. ಉಳಿದರ್ಧವೇ ಗೃದ್ಧಿ, ಅಂದರೆ ನಾಲಿಗೆಯ ಆಸೆ. ಮೊದಲನೆಯದಕ್ಕೆ ಯೋಗ್ಯ ಆಹಾರವೇ ಮದ್ದು. ಎರಡನೆಯದಕ್ಕೆ ವ್ರತವೇ ಮದ್ದು.

ಮಹಾತ್ಮಾ ಗಾಂಧಿಯವರು 1929ರಲ್ಲಿ ಬೇಯಿಸದ ಆಹಾರದ ಪ್ರಯೋಗವನ್ನು ಕೈಗೊಂಡು, ಅದರ ವಿವರವನ್ನು ‘ಯಂಗ್ ಇಂಡಿಯಾ’ದಲ್ಲಿ ಬಹಿರಂಗವಾಗಿ ಬರೆದರು, ಕೆಲವು ತಿಂಗಳಲ್ಲಿ ದೇಹಸ್ಥಿತಿ ಕೆಡಲು ಅದನ್ನು ನಿಲ್ಲಿಸಿದರು. ಆದರೆ 1915ರಲ್ಲಿ ಹರಿದ್ವಾರದ ಕುಂಭಮೇಳದ ಸಮಯದಲ್ಲಿ ಅವರು ಹಿಡಿದ ವ್ರತ ಬೇರೆ ಬಗೆಯದು: ದಿನಕ್ಕೆ ಐದು ಪದಾರ್ಥಗಳಿಗಿಂತ ಹೆಚ್ಚು ಸೇವಿಸಬಾರದು, ಕತ್ತಲಾದ ಮೇಲೆ ಉಣ್ಣಬಾರದು. ಹಸಿಯೋ ಬೆಂದದ್ದೋ ಎಂಬುದು ಪ್ರಯೋಗದ ವಿಷಯ. ಮಿತಿಯೆಂಬುದು ವ್ರತದ ವಿಷಯ.

ಜಿನಾಗಮವು ಈ ಭೇದವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದೆ. ಹಸಿಯೆಂಬ ಮಾತ್ರಕ್ಕೆ ಆಹಾರವು ಪವಿತ್ರವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಅಪಕ್ವವಾದ ಫಲ, ಮೂಲ, ಶಾಕಾದಿಗಳನ್ನು ದಯಾಮೂರ್ತಿಯಾದ ಶ್ರಾವಕನು ಅಲ್ಲಿ ತ್ಯಜಿಸುತ್ತಾನೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಹೀಗಿರುವಾಗ ಹಸಿಯದನ್ನು ತಿನ್ನುವುದನ್ನೇ ತಪವೆಂದು ಹೆಮ್ಮೆಪಡುವುದು ಹೇಗೆ? ಅದು ಆರೋಗ್ಯದ ಪಥ್ಯವಾಗಬಹುದು. ಧರ್ಮಸ್ಥಳದ ಶಾಂತಿವನದಂತಹ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಆಹಾರಕ್ರಮವನ್ನು ವೈದ್ಯರು ನಿರ್ಧರಿಸುತ್ತಾರೆ. ಪಥ್ಯವನ್ನು ಮಾತ್ರ ಮನೆಗೆ ತಂದು ಅಳತೆಯನ್ನು ಅಲ್ಲಿಯೇ ಬಿಟ್ಟು ಬಂದರೆ ಪಥ್ಯವೂ ಇಲ್ಲ, ತಪವೂ ಇಲ್ಲ.

ಅಳತೆ ಯಾವುದು? ಪುರುಷನ ಪೂರ್ಣ ಆಹಾರ 32 ಕವಳ, ಸ್ತ್ರೀಯದು 28 ಕವಳವೆಂದು ಪೂರ್ವಾಚಾರ್ಯರ ಮಾತು. ಅದರಲ್ಲಿ ಒಂದು ಕವಳವನ್ನು ಬಿಟ್ಟರೂ ಅದು ಅವಮೌದರ್ಯವೇ. ಹೊಟ್ಟೆಯ ಅರ್ಧ ಅನ್ನಕ್ಕೆ, ಮೂರನೆಯ ಪಾಲು ನೀರಿಗೆ, ನಾಲ್ಕನೆಯ ಪಾಲು ವಾಯುಸಂಚಾರಕ್ಕೆ ಬರಿದಾಗಿರಬೇಕೆಂದು ಮೂಲಾಚಾರವು ಮುನಿಗಳಿಗೆ ವಿಧಿಸುತ್ತದೆ. ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯದ ಸುಖಸಿದ್ಧಿ ಇವು ಈ ತಪದ ಫಲವೆಂದು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಸಾಮಾಯಿಕಕ್ಕೆ ಕುಳಿತುಕೊಳ್ಳಲಾರದ ಆ ಗೃಹಸ್ಥನು ಕಳೆದುಕೊಂಡದ್ದು ಇದನ್ನೇ.

ಉಚ್ಚಿಲದಿಂದ ತೆಂಕಣಕ್ಕೆ ಪಡುಬಿದ್ರಿಗೆ ಬಂದು, ಅಲ್ಲಿಂದ ಮೂಡಣದ ದಾರಿ ಹಿಡಿದರೆ ಕಾರ್ಕಳ. ಅಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿ ಸ್ವಾಮಿಯ ಬಿಂಬವು ಬಂಡೆಯ ಮೇಲೆ ನಿಂತಿದೆ. ಆ ಸ್ವಾಮಿಯು ಒಂದು ಸಂವತ್ಸರ ಅನ್ನಪಾನಗಳಿಲ್ಲದೆ ಪ್ರತಿಮಾಯೋಗದಲ್ಲಿ ನಿಂತನು. ಆದರೂ, ಭರತನ ನೆಲದಲ್ಲಿ ನಿಂತಿದ್ದೇನೆಂಬ ಸೂಕ್ಷ್ಮ ಶಲ್ಯವು ಮನಸ್ಸಿನಿಂದ ಕಳಚುವವರೆಗೆ ಕೇವಲಜ್ಞಾನವು ಉದಯಿಸಲಿಲ್ಲವೆಂದು ಪರಂಪರೆಯು ಹೇಳುತ್ತದೆ. ಒಂದು ವರ್ಷದ ಅನಶನಕ್ಕೂ ಒಳಗಿನ ಮುಳ್ಳು ಅಡ್ಡಿಯಾಯಿತು. ಹಾಗಿರುವಾಗ ತಟ್ಟೆಯಲ್ಲಿ ಅನ್ನವಿಲ್ಲವೆಂಬ ಅಭಿಮಾನದಿಂದ ಏನು ಸಿದ್ಧಿಸೀತು?

ಆದ್ದರಿಂದ ಆ ಗೃಹಸ್ಥನು ನಾಚಿ ಕುಗ್ಗಬೇಕಾಗಿಲ್ಲ. ನಿಯಮದ ಮರೆಯಲ್ಲಿ ತನ್ನನ್ನು ತಾನೇ ವಂಚಿಸಿಕೊಳ್ಳಲೂಬಾರದು. ಗುರುಗಳ ಸನ್ನಿಧಿಯಲ್ಲಿ ಇದ್ದದ್ದನ್ನು ಇದ್ದಂತೆ ನಿವೇದಿಸಿ ನಿಯಮವನ್ನು ತಿದ್ದಿಕೊಳ್ಳಲಿ. ಹಗಲಿನಲ್ಲಿ ಎರಡೇ ಹೊತ್ತು ಕುಳಿತು ಉಣ್ಣಲಿ. ತೆಂಗು, ಕಡಲೆಗಳನ್ನು ಮೊದಲೇ ಅಳೆದು ತಟ್ಟೆಗೆ ಬಡಿಸಿಕೊಳ್ಳಲಿ. ದೇಹ ಬೇಡಿದರೆ ಶುದ್ಧವಾಗಿ ಬೇಯಿಸಿದ ಅನ್ನವನ್ನು ಮಿತವಾಗಿ ಸ್ವೀಕರಿಸಲಿ. ಅದರಿಂದ ಧರ್ಮಕ್ಕೆ ಕುಂದಿಲ್ಲ. ರೋಗಿಗಳು, ಗರ್ಭಿಣಿಯರು, ವೃದ್ಧರು ವೈದ್ಯರನ್ನು ಕೇಳದೆ ಇಂತಹ ಪಥ್ಯಕ್ಕೆ ಕೈಹಾಕಬಾರದು. ಕೊನೆಗೆ, ಪ್ರತಿದಿನ ಒಂದು ಕವಳವನ್ನು, ಬೇಕೆನಿಸಿದಾಗಲೇ, ಸಂತೋಷದಿಂದ ಬಿಡಲಿ.

ಮನೆಯವರು ಯಾರೂ ಅದನ್ನು ಗಮನಿಸುವುದಿಲ್ಲ, ಬಂಧುಗಳು ಕೊಂಡಾಡುವುದಿಲ್ಲ. ಆದರೆ ಅಂದು ರಾತ್ರಿ ಅವನು ಸಾಮಾಯಿಕಕ್ಕೆ ನೆಟ್ಟಗೆ ಕುಳಿತುಕೊಳ್ಳಬಲ್ಲನು. ಬಿಟ್ಟ ಆ ಒಂದು ಕವಳದ ಫಲವು ಅದೇ.

ಸರ್ವ ಜೀವರಿಗೂ ಕಲ್ಯಾಣವಾಗಲಿ. ಜೈ ಜಿನೇಂದ್ರ.